ಆರರಿಂದ ಏಳು

೫ ಜನವರಿ ೧೯೮೧, ಸೋಮವಾರ

ಆರಕ್ಕೆ ಕೂತೆ. ಆರೂ ಐದಕ್ಕೆ ಎದ್ದೆ. ಮೊದಲ ದಿನದ ಸಾಧನೆ ಇಷ್ಟು.

ಮೊದಲು ಬಂದವರು ಮನೆ ಮಾಲೀಕರು, ರಂಗಪ್ಪನವರು. ನನ್ನ ರೂಮಿನ ಮೇಲಿನ ಅಟ್ಟದಲ್ಲಿ ಅವರ ಕೊಬ್ಬರಿಕಾಯಿ ಇದೆ, ಏಣಿ ಇರುವುದು ನನ್ನ ಕಡೆ. ಹೆಗ್ಗಣ ಓಡಾಡಿದ ಸದ್ದು ಕೇಳಿಸಿತಂತೆ. ಹತ್ತಿ, ನಾಲ್ಕು ಕಾಯಿ ಅಲ್ಲಾಡಿಸಿ, "ಇನ್ನೂ ನೀರು ಬತ್ತಿಲ್ಲ ಕಣವ್ವ" ಎಂದು ನನಗೇ ಏನೋ ಅವಸರವಿದ್ದ ಹಾಗೆ ಹೇಳಿ ಇಳಿದರು. ಅವರ ಹಿಂದೆ ಜ್ವರದ ಮಾತ್ರೆಗೆ ಒಬ್ಬರು. ಆಮೇಲೆ ಕೂಸಿಗೆ ಭೇದಿ ಎಂದು ಇನ್ನೊಬ್ಬರು. ಬೈಬಲ್ ತೆರೆದದ್ದು ತೆರೆದ ಹಾಗೇ ಇತ್ತು. ಕಾಫಿ ಉಕ್ಕಿ ಒಲೆ ಆರಿತ್ತು.

ನಿನ್ನೆ ತಿಪಟೂರಿನ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ನಮ್ಮ ಪಾದ್ರಿ ಸತ್ಯಮಿತ್ರ ಅಯ್ಯನವರು ಎಲ್ಲರಿಗೂ ಒಂದೊಂದು ಸೈಕ್ಲೋಸ್ಟೈಲ್ ಹಾಳೆ ಕೊಟ್ಟರು. ಹೊಸ ವರ್ಷಕ್ಕೆ ಟೈಂಟೇಬಲ್. ಮೊದಲು ದೇವರು, ಆಮೇಲೆ ಕುಟುಂಬ, ಆಮೇಲೆ ಕೆಲಸ, ಕೊನೆಗೆ ಸಭೆಯ ಸೇವೆ. ಒಂದೊಂದರ ಮುಂದೂ ಗಂಟೆ ಬರೆದುಕೊಳ್ಳಲು ಖಾಲಿ ಜಾಗ. ದಿನದ ಮೊದಲ ಗಂಟೆ ದೇವರದು, ಅದನ್ನು ಯಾರಿಗೂ ಕೊಡಬೇಡಿ ಎಂದರು. ಚೆನ್ನಾಗಿ ಮಾತಾಡಿದರು, ಕಣ್ಣಲ್ಲಿ ನೀರು ಬಂತು. ಹದಿನೆಂಟು ವರ್ಷ ನರ್ಸ್ ಕೆಲಸ ಮಾಡಿ ನಾನು ದೇವರಿಗೆ ಕೊಟ್ಟಿರುವುದೆಲ್ಲ ಉಳಿದುಬಿದ್ದ ಹೊತ್ತು... ಬಸ್ಸಿನಲ್ಲಿ, ಕೈ ತೊಳೆಯುವಾಗ, ನಿದ್ದೆ ಹತ್ತುವ ಮೊದಲು ಅರ್ಧ ವಾಕ್ಯ.

"ಕುಟುಂಬ" ಎಂದಿರುವ ಕಡೆ ಏನು ಬರೆಯುವುದು? ನಮ್ಮ ಯಜಮಾನರು ತೀರಿಕೊಂಡು ಒಂಬತ್ತು ವರ್ಷ. ಮಕ್ಕಳಿಲ್ಲ. "ಹಾಸನದ ತಮ್ಮನಿಗೆ ತಿಂಗಳಿಗೊಂದು ಇನ್‌ಲ್ಯಾಂಡ್ ಲೆಟರ್" ಎಂದು ಬರೆದು ಜಾಗ ತುಂಬಿಸಿದೆ.

ನಾಳೆ ಮತ್ತೆ ಆರಕ್ಕೆ.

೮ ಜನವರಿ, ಗುರುವಾರ

ಮೂರು ದಿನವೂ ಅದೇ ಕಥೆ. ಇವತ್ತು ಸಿಟ್ಟು ಬಂದು ರಂಗಪ್ಪನವರ ಹೆಂಡತಿ ಹೊಂಬಾಳಮ್ಮನ ಹತ್ತಿರ ಹೇಳಿಯೇಬಿಟ್ಟೆ. ಬೆಳಿಗ್ಗೆ ಆರರಿಂದ ಏಳು ನನ್ನನ್ನು ಯಾರೂ ಕೂಗಬಾರದು.

"ಪೂಜೆಗಾ?"

"ಪೂಜೆ ಅಲ್ಲ, ಪ್ರಾರ್ಥನೆ."

"ಅದೇ ಬುಡಿ. ಮೊದ್ಲೇ ಹೇಳೋದಲ್ವಾ ನರ್ಸಮ್ಮ? ಪೂಜೆಗೆ ಕುಂತೋರ್ನ ಕೂಗೋದುಂಟಾ? ನಾನ್ ನೋಡ್ಕೋತೀನಿ."

೯ ಜನವರಿ, ಶುಕ್ರವಾರ

ನೋಡಿಕೊಂಡರು! ಪೂರಾ ಒಂದು ಗಂಟೆ. ಬಿಳಿಗೆರೆಗೆ ಬಂದು ನಾಲ್ಕು ವರ್ಷದಲ್ಲಿ ನನ್ನ ಬಾಗಿಲು ಒಂದು ಗಂಟೆ ಮುಚ್ಚಿದ್ದು ಇದೇ ಮೊದಲು. ಕ್ಯಾಲೆಂಡರಿನಲ್ಲಿ ಒಂದು ಟಿಕ್ ಹಾಕಿದೆ.

೨೪ ಜನವರಿ, ಶನಿವಾರ

ಹದಿನಾರು ಟಿಕ್.

ಹೊಂಬಾಳಮ್ಮ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಾರೆ, ಬಂದವರನ್ನು ಸನ್ನೆಯಲ್ಲೇ ಕೂರಿಸುತ್ತಾರೆ. ಆರಕ್ಕೆ ಮೊದಲು ನನ್ನ ಬಾಗಿಲಿಗೆ ನೀರು ಹಾಕಿ ರಂಗೋಲಿ ಬೇರೆ. ಬೇಡ ಎಂದರೆ ಕೇಳುವವರಲ್ಲ. ಏಳಕ್ಕೆ ಬಾಗಿಲು ತೆಗೆದರೆ ಜನ ಎದ್ದು ನಿಲ್ಲುತ್ತಾರೆ. ಒಬ್ಬ ಮುದುಕ ಚಪ್ಪಲಿ ಬಿಟ್ಟು ಬಂದ, ಗುಡಿಗೆ ಬಂದವನ ಹಾಗೆ. ಮೊದಲು "ಲೇ ನರ್ಸಮ್ಮೋ" ಎಂದು ಬೇಲಿಯಾಚೆಯಿಂದ ಕೂಗುತ್ತಿದ್ದವನು ಅವನೇ.

ನಗು ಬರುತ್ತದೆ. ಒಳಗೊಳಗೇ ಸಂತೋಷವೂ ಆಗುತ್ತದೆ. ಸುಳ್ಳು ಯಾಕೆ ಬರೆಯಲಿ, ಇದನ್ನು ಓದುವವರು ಯಾರು?

ದಿನವೂ ಒಪ್ಪವಾಗಿದೆ. ಏಳರಿಂದ ಮನೆ ಬಾಗಿಲಿಗೆ ಬಂದವರು, ಒಂಬತ್ತರಿಂದ ಹಳ್ಳಿ ಸುತ್ತು, ಮೂರರಿಂದ ರಿಜಿಸ್ಟರು. ತಮ್ಮನಿಗೆ ಕಾಗದವೂ ಹೋಯಿತು. ಹಾಳೆಯಲ್ಲಿ ಸತ್ಯವಿದೆ.

೧ ಫೆಬ್ರವರಿ, ಭಾನುವಾರ

ಮೊದಲ ಗಂಟೆ ಯಾರು ಯಾರು ತಪ್ಪಿಸಿಲ್ಲ, ಕೈ ಎತ್ತಿ ಎಂದರು ಅಯ್ಯನವರು. ಎತ್ತಿದವಳು ನಾನೊಬ್ಬಳೇ. "ನೋಡಿ, ಕೃಪಾವತಿ ಸಿಸ್ಟರ್‌ಗಿಂತ ಬಿಡುವಿಲ್ಲದವರು ಇಲ್ಲಿ ಯಾರಿದ್ದೀರಿ?" ಎಂದರು. ಎಲ್ಲರೂ ತಿರುಗಿ ನೋಡಿದರು. ಮುಖ ಬಿಸಿಯಾಯಿತು.

ಇನ್ನೊಂದು ಮಾತೂ ಹೇಳಿದರು. ನೀವು ಮಂಡಿಯೂರಿದ ಗಂಟೆಗೇ ಸೈತಾನ ಬಾಗಿಲು ತಟ್ಟುತ್ತಾನೆ, ಅವನಿಗೆ ಬೇರೆ ಹೊತ್ತು ಸಿಗುವುದಿಲ್ಲ. ಜನ ನಕ್ಕರು. ನಾನೂ.

೧೨ ಫೆಬ್ರವರಿ, ಗುರುವಾರ

ತೋಟದ ಮನೆಗೆ ಹೋಗಿ ಚಿಕ್ಕಗೌರಮ್ಮನನ್ನು ನೋಡಿ ಬಂದೆ. ಒಂಬತ್ತು ತಿಂಗಳ ಬಸುರಿ. ಇಪ್ಪತ್ತು ವರ್ಷ, ರಕ್ತ ಕಡಿಮೆ, ಕಬ್ಬಿಣದ ಮಾತ್ರೆ ಕೊಟ್ಟರೆ ಹುಣಸೆ ಮರದ ಬುಡಕ್ಕೆ ಎಸೆಯುತ್ತಾಳೆ. ಇವತ್ತು ಎದುರಿಗೆ ನಿಂತು ನುಂಗಿಸಿದೆ.

ಆ ಮನೆಯಲ್ಲಿ ಮೂರೇ ಜನ. ಗೌರ, ಅವಳ ಗಂಡ ಕರಿಯಪ್ಪ, ಅವನ ತಾಯಿ ಅಂಕಮ್ಮ. ಕರಿಯಪ್ಪನದು ಮೂಗಿನ ತುದಿಯಲ್ಲೇ ಕೋಪ. ಹೋದ ವರ್ಷ ಆರು ತಿಂಗಳಿಗೆ ಗರ್ಭ ಇಳಿದುಹೋಯಿತು. ಸೊಸೆ ಕೈಯಲ್ಲಿ ನೀರು ಸೇದಿಸಿದ್ದಕ್ಕೇ ಹಾಗಾಯಿತೆಂದು ತಾಯಿಯನ್ನು ಮೂರು ತಿಂಗಳು ಮಾತಾಡಿಸಲಿಲ್ಲ. ಮುದುಕಿ ಕೊಟ್ಟಿಗೆಯಲ್ಲಿ ಕೂತು ಉಣ್ಣುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ. ಈ ಸಲ ಸೊಸೆಯನ್ನು ಒಲೆಯ ಹತ್ತಿರವೂ ಬಿಡುತ್ತಿಲ್ಲ.

"ನೋವು ಶುರುವಾದ ತಕ್ಷಣ ಬನ್ನಿ" ಎಂದೆ ಅಂಕಮ್ಮನಿಗೆ.

"ಬತ್ತೀನಿ ಕಣವ್ವ. ನಿಮ್ ಪೂಜೆ ಹೊತ್ತು ಬುಟ್ಟು ಬತ್ತೀನಿ."

ಅದಕ್ಕೆ ನಾನು ನಕ್ಕೆ. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಂದೆ.

೨೬ ಫೆಬ್ರವರಿ, ಗುರುವಾರ, ಸಂಜೆ

ಏಳೂ ಎರಡಕ್ಕೆ ಬಾಗಿಲು ತೆಗೆದೆ. ಜಗಲಿಯ ಮೇಲೆ ಅಂಕಮ್ಮ. ಕಾಲೆಲ್ಲ ಮಂಜಿನ ಒದ್ದೆ. ಎದ್ದು ಕೈ ಮುಗಿದರು.

"ಪೂಜೆ ಆಯ್ತಾ ತಾಯಿ?"

"ಆಯ್ತು. ಏನು?"

"ಗೌರಂಗೆ ಕೂಸಾಯ್ತು. ಹೆಣ್ಣು. ಮಾಸು ಬಿದ್ದಿಲ್ಲ ಕಣವ್ವ. ನೆತ್ರ ನಿಲ್ಲಾಕಿಲ್ಲ ಅಂತದೆ."

ಯಾವಾಗ ಬಂದಿರಿ ಎಂದರೆ ಬಾಯಿ ಬಿಡಲಿಲ್ಲ. ಹೊಂಬಾಳಮ್ಮನೇ ಹೇಳಿದರು, "ಆರಕ್ಕೇ ಬಂದ್ರು. ಹೆರಿಗೆ ಆಯ್ತು ಅಂದ್ರಲ್ಲ, ಆಗೋಯ್ತಲ್ಲ ಅಂತ ನಾನೇ ಕೂರುಸ್ದೆ."

ಓಡಿದೆ. ಒಂದೂವರೆ ಮೈಲಿ. ತೋಟದ ಬದುವಿನ ಮೇಲೆ ಎರಡು ಸಲ ಎಡವಿದೆ. ಕರಿಯಪ್ಪ ಕೋಳಿ ಕೂಗುವಾಗಲೇ ಗಾಡಿಗೆ ಕೊಬ್ಬರಿ ಹೇರಿಕೊಂಡು ತಿಪಟೂರಿಗೆ ಹೋಗಿದ್ದನಂತೆ, ಅವನು ಹೋದ ಮೇಲೆ ನೋವು ಬಂದಿದೆ. ಪಕ್ಕದ ತೋಟದ ಭೂತಮ್ಮ ಕೂಸನ್ನು ಎತ್ತಿಕೊಂಡು ಕೂತಿದ್ದಳು. ಕೂಸು ಚೆನ್ನಾಗಿತ್ತು. ಗೌರಳ ತುಟಿ ಬೆಳ್ಳಗಿತ್ತು. ಚಾಪೆ ನೋಡಲಾಗಲಿಲ್ಲ.

ಇಂಜೆಕ್ಷನ್ ಕೊಟ್ಟೆ. ಹೊಟ್ಟೆ ನೀವಿದೆ. ಬರಲಿಲ್ಲ. ಕೊನೆಗೆ ಮಾಸನ್ನು ಕೈ ಹಾಕಿ ತೆಗೆದೆ. ಅದು ಡಾಕ್ಟರು ಮಾಡುವ ಕೆಲಸ, ನನ್ನದಲ್ಲ. ಆದರೆ ಕಾಯುವ ಹಾಗಿರಲಿಲ್ಲ. ಕಾಯುವ ಹಾಗಿರಲಿಲ್ಲ ಎಂದು ನಾನು ಬರೆಯುತ್ತಿದ್ದೇನೆ, ನೋಡು!

ರಕ್ತ ನಿಂತಿತು, ನಾಡಿ ಸಿಗಲಿಲ್ಲ. ಮಂಚದ ಸಮೇತ ನಾಲ್ಕು ಜನ ರಸ್ತೆಗೆ ಹೊತ್ತು ತಂದರು. ತೆಂಗಿನ ಸಿಪ್ಪೆ ತುಂಬಿದ ಲಾರಿ ಬಂತು, ಅಡ್ಡ ನಿಂತು ನಿಲ್ಲಿಸಿದೆ. ಸಿಪ್ಪೆಯ ಮೇಲೇ ಮಲಗಿಸಿ ತಿಪಟೂರಿಗೆ. ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ಡಾಕ್ಟರು ನನ್ನನ್ನು ಕೇಳಿದ್ದು ಒಂದೇ, "ಎಷ್ಟು ಹೊತ್ತು ಬ್ಲೀಡಿಂಗ್ ಆಗಿದೆ?"

ಎರಡು ಗಂಟೆ ಎಂದೆ. ಅದರಲ್ಲಿ ಒಂದು ನನ್ನದು.

೨೭ ಫೆಬ್ರವರಿ, ಶುಕ್ರವಾರ

ನಿನ್ನೆ ಒಂದು ಬರೆಯಲಿಲ್ಲ. ಬರೆಯಲು ಧೈರ್ಯ ಬರಲಿಲ್ಲ.

ಕೇಳಿಸಿತ್ತು.

ಆರೂ ಹತ್ತಿರಬೇಕು. ಜಗಲಿಯಲ್ಲಿ ಮೆಲ್ಲಗೆ ಮಾತು. ಬಳೆ ಸದ್ದು. ಆಮೇಲೆ ಕೆಮ್ಮು, ಎರಡು ಸಲ. ಸುಮ್ಮನೆ ಬಂದ ಕೆಮ್ಮಲ್ಲ, ಕರೆಯುವ ಕೆಮ್ಮು. ಹದಿನೆಂಟು ವರ್ಷದಿಂದ ಬಾಗಿಲಾಚೆಯ ಹೆಂಗಸರ ಕೆಮ್ಮು ಕೇಳಿದವಳು, ನನಗೆ ಗೊತ್ತಾಗುವುದಿಲ್ಲವೇ? ಗಡಿಯಾರ ನೋಡಿದೆ. ಇನ್ನೂ ಐವತ್ತು ನಿಮಿಷ. ನಲವತ್ತೊಂಬತ್ತನೆಯ ದಿನ. ನಾಳೆಗೆ ಐವತ್ತಾಗುತ್ತದೆ ಎಂದುಕೊಂಡೆ. ಅಯ್ಯನವರು ಸೈತಾನನ ವಿಷಯ ಹೇಳಿದ್ದು ನೆನಪಾಯಿತು. ಹಾಡುತ್ತಿದ್ದ ಕೀರ್ತನೆಯನ್ನು ಇನ್ನಷ್ಟು ಜೋರಾಗಿ ಹಾಡಿದೆ.

ದೇವರಿಗಾಗಿ ಹಾಡಿದ್ದಲ್ಲ ಅದು. ಟಿಕ್ಕಿಗಾಗಿ.

ಆಸ್ಪತ್ರೆಗೆ ಹೋಗಿದ್ದೆ. ಎರಡು ಬಾಟಲಿ ರಕ್ತ ಏರಿಸಿದ್ದಾರೆ, ಒಂದು ಕರಿಯಪ್ಪನದೇ. ಇನ್ನೂ ಕಣ್ಣು ಬಿಟ್ಟಿಲ್ಲ.

೧ ಮಾರ್ಚ್, ಭಾನುವಾರ

ಆರಾಧನೆ ಆದ ಮೇಲೆ ಅಯ್ಯನವರಿಗೆ ಎಲ್ಲ ಹೇಳಿದೆ. ಕೆಮ್ಮಿನ ವಿಷಯವನ್ನೂ. ಬೈಯಲಿ ಎಂದೇ ಹೋಗಿದ್ದೆ.

"ನಮ್ಮ ಮನೇಲಿ ಬೆಳಿಗ್ಗೆ ಆರಕ್ಕೆ ಬಾಗಿಲು ತಟ್ಟೋನು ಹಾಲಿನವನೊಬ್ಬನೇ ಸಿಸ್ಟರ್. ಆ ಹಾಳೇನ ನಾನು ಅಂಥ ಮನೇಲಿ ಕೂತ್ಕೊಂಡು ಬರೆದೆ" ಎಂದರು.

ಪಾಪ, ಅವರ ಮುಖ ನೋಡಿ ನನಗೇ ಸಂಕಟವಾಯಿತು. ಹೊರಡುವಾಗ, "ಮೊದಲು ಆ ಹುಡುಗಿ ಉಳೀಲಿ. ಆಮೇಲೆ ಇದನ್ನ ಅವರ ಮನೆಗೇ ಹೋಗಿ ಹೇಳಿ, ನನಗೆ ಹೇಳಿದರೆ ಸಾಲದು" ಎಂದರು. ಸರಿಯಾದ ಮಾತು.

೫ ಮಾರ್ಚ್, ಗುರುವಾರ

ಕಣ್ಣು ಬಿಟ್ಟಿದ್ದಾಳೆ, ಆದರೆ ಜ್ವರ. ನೂರಾಮೂರು. ನಾನು ಕೈ ಹಾಕಿದ್ದರಿಂದಲೇ ನಂಜಾಯಿತೋ ಏನೋ.

ಆರಕ್ಕೆ ಕೂರುತ್ತಿಲ್ಲ. ಬಾಗಿಲು ತೆಗೆದೇ ಇಡುತ್ತೇನೆ. ಆದರೂ ಜನ ಒಳಗೆ ಬರುವುದಿಲ್ಲ, ಹೊಂಬಾಳಮ್ಮ ಬಿಟ್ಟರೆ ತಾನೇ! ನಾನು ಒಳಗೆ ಚಾಪೆಯ ಮೇಲೆ ಬಿದ್ದುಕೊಂಡಿದ್ದರೂ ಅವರ ಲೆಕ್ಕಕ್ಕೆ ಅದು ಪೂಜೆಯೇ.

ಪ್ರಾರ್ಥನೆ ಮಾತ್ರ ದಿನವಿಡೀ ನಡೆದಿದೆ. ಬಾವಿಯ ಹತ್ತಿರ, ಬಸ್ಸಿನಲ್ಲಿ, ರಿಜಿಸ್ಟರಿನಲ್ಲಿ ಅಂಕಿ ಬರೆಯುತ್ತಾ. ಅವಳನ್ನು ಉಳಿಸು, ಅವಳನ್ನು ಉಳಿಸು. ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಬರುವುದಿಲ್ಲ. ಹಾಳೆಯಲ್ಲಿ ಇದಕ್ಕೆ ಜಾಗವೇ ಇಲ್ಲ.

೧೪ ಮಾರ್ಚ್, ಶನಿವಾರ

ಮನೆಗೆ ಬಂದಳು! ಬಸ್ಸಿನಿಂದ ಇಳಿದು ಗಾಡಿಯವರೆಗೆ ನಡೆದಳು, ನಾನೇ ತೋಳು ಹಿಡಿದಿದ್ದೆ. ಕಡ್ಡಿಯಾಗಿದ್ದಾಳೆ. ಎದೆಹಾಲು ಬತ್ತಿದೆ, ಕೂಸಿಗೆ ಅಂಕಮ್ಮ ಹಸುವಿನ ಹಾಲು ಕಾಯಿಸಿ ಒಳಲೆಯಲ್ಲಿ ಹಾಕುತ್ತಿದ್ದಾರೆ. ಕೂಸು ಗುಂಡಗಿದೆ.

ದಾರಿಯಲ್ಲಿ ಅತ್ತುಬಿಟ್ಟೆ. ಯಾರೂ ನೋಡಲಿಲ್ಲ. ನೋಡಿದ್ದರೂ ಅಡ್ಡಿಯಿರಲಿಲ್ಲ.

ಇನ್ನು ಹೋಗಿ ಹೇಳುವುದೊಂದು ಬಾಕಿ.

೧೭ ಮಾರ್ಚ್, ಮಂಗಳವಾರ

ಇದೇನು ಬಂತು ಹೊಸದು! ಬೆಳಿಗ್ಗೆ ಹಾಲ್ಕುರಿಕೆಯಿಂದ ಒಬ್ಬಾತ ಬಂದ, ಹುಚ್ಚರಂಗಯ್ಯ ಅಂತ. ಕೈಯಲ್ಲಿ ತೆಂಗಿನಕಾಯಿ, ಊದಿನಕಡ್ಡಿ. ಅವನ ಎಮ್ಮೆ ಮೇವು ಬಿಟ್ಟಿದೆಯಂತೆ, ನಾನು ಒಂದು ಗಂಟೆ ಬಾಗಿಲು ಹಾಕಿಕೊಂಡು ಕೂರಬೇಕಂತೆ.

"ಕರಿಯಪ್ಪನ ಹೆಂಡ್ರು ಸತ್ತೇ ಹೋಗಿದ್ಲಂತೆ. ನೀವು ಒಳ್ಗೆ ಕುಂತು ದೇವ್ರ ತಾವ ಜಗಳ ಮಾಡಿ ಉಳಿಸ್ಕಂಡ್ರಂತೆ. ಕರಿಯಪ್ಪನ ಅವ್ವನೇ ಹೇಳ್ತದೆ ತಾಯಿ, ಸುತ್ತೇಳು ಹಳ್ಳಿಗೆ."

ಕಾಯಿ ವಾಪಸ್ಸು ಕೊಟ್ಟು ಪಶುವೈದ್ಯರ ಹತ್ತಿರ ಕಳಿಸಿದೆ. ಬೈದರೆ ತಡೆದುಕೊಳ್ಳಬಹುದು. ಇದನ್ನು ಹೇಗೆ ತಡೆದುಕೊಳ್ಳುವುದು?

೧೮ ಮಾರ್ಚ್, ಬುಧವಾರ

ಹೋಗಿದ್ದೆ. ಎಲ್ಲವನ್ನೂ ಇದ್ದ ಹಾಗೆ ಬರೆಯಬೇಕು.

ಅಂಕಮ್ಮ ಅಂಗಳದಲ್ಲಿ ಕೂತು ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದರು. ಗೌರ ಒಳಗೆ ಮಲಗಿದ್ದಳು. ಕರಿಯಪ್ಪ ಇರಲಿಲ್ಲ. ನಿಂತ ಕಾಲಲ್ಲೇ ಹೇಳಿದೆ.

"ಅಂಕಮ್ಮ, ಅವತ್ತು ನೀವು ಬಂದಿದ್ದು ನಂಗೆ ಕೇಳಿಸ್ತು. ಕೆಮ್ಮಿದ್ದೂ ಕೇಳಿಸ್ತು. ಬೇಕಂತಲೇ ಬಾಗಿಲು ತೆಗೀಲಿಲ್ಲ. ಪೂಜೆಯಿಂದ ಉಳೀಲಿಲ್ಲ ಅವಳು. ಅದರಿಂದಲೇ ಸಾಯ್ತಿದ್ದಳು."

ಕುಡುಗೋಲು ನಿಂತಿತು. ಅವರು ತಲೆ ಎತ್ತಲಿಲ್ಲ.

"ಗೊತ್ತು ಕಣವ್ವ. ನಾನ್ ಕೆಮ್ಮಿದ್ಮೇಲೇಯ ನಿಮ್ ಪದ ಜೋರಾಗಿದ್ದು."

"ಗೊತ್ತಿದ್ದೂ ಊರೆಲ್ಲ ಯಾಕೆ ಹಂಗೆ ಹೇಳಿದ್ರಿ?"

"ನಂಗೇನ್ ಬಾಯಿರ್ನಿಲ್ವಾ? ಒಂದ್ ಕೂಗು ಕೂಗಿದ್ರೆ ನೀವು ಎದ್ ಬತ್ತಿದ್ರಿ. ಪೂಜೆ ಕೆಡಿಸಿದ್ರೆ ನಿಮ್ ದೇವ್ರು ಮುನಿಸ್ಕೊಂಡು ಗೌರನ್ನ ತಗಂಡೋಯ್ತದೆ ಅಂತ ಎದ್ರಿಕೊಂಡೆ. ಇಲ್ಲಿ ಇವ್ಳ ನೆತ್ರ ಹರೀತಿತ್ತು, ಅಲ್ಲಿ ನಾನು ನಿಮ್ ಪದ ಕೇಳ್ಕೊಂಡು ಕುಂತಿದ್ದೆ. ಒಂದ್ ಗಂಟೆ. ಪೂಜೆಯಿಂದ್ಲೇ ಉಳೀತು ಅಂದ್ರೆ, ನಾನ್ ಕುಂತಿದ್ದು ತಪ್ಪಾಗಾಕಿಲ್ಲ ಅಲ್ವೇನವ್ವ?"

ಅವರ ಪಕ್ಕದಲ್ಲಿ ನೆಲದ ಮೇಲೇ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ, ವಾಚ್ ನೋಡಲಿಲ್ಲ.

ಹೊರಡುವಾಗ ಸೆರಗು ಹಿಡಿದುಕೊಂಡರು. "ಮಗನಿಗೆ ಹೇಳ್ಬೇಡಿ ನರ್ಸಮ್ಮ. ಹೋದ್ಸಲ ಮೂರ್ ತಿಂಗ್ಳು ಮಾತಾಡ್ಸಿರ್ನಿಲ್ಲ. ಈ ಸಲ ಮನೇಲಿ ಮಡಿಕ್ಕಳಾಕಿಲ್ಲ. ಕೂಸಿಗೆ ಹಾಲು ಹಾಕೋರ್ ಯಾರು?"

ಕರಿಯಪ್ಪನಿಗೂ ಹೇಳಿ ಹಗುರಾಗಬೇಕೆಂದು ಹೋದವಳು ನಾನು. ಹೇಳದೆ ಬಂದೆ.

೨೪ ಮಾರ್ಚ್, ಮಂಗಳವಾರ

ಮಧ್ಯಾಹ್ನ ಕರಿಯಪ್ಪ ಬಂದ. ತಾಯಿಯನ್ನು ಮುಂದಿಟ್ಟುಕೊಂಡು, ರಟ್ಟೆ ಹಿಡಿದು. ಅಂಕಮ್ಮನ ಸೆರಗು ಜಾರಿತ್ತು, ಅದನ್ನು ಹೊದೆಯಲೂ ಬಿಟ್ಟಿರಲಿಲ್ಲ.

ಭೂತಮ್ಮ ಮಾತಿಗೆ ಮಾತು ಬಂದು ಹೇಳಿಬಿಟ್ಟಿದ್ದಾಳೆ, ಅವತ್ತು ಅಂಕಮ್ಮ ಮನೆ ಬಿಟ್ಟಾಗ ಇನ್ನೂ ಬೆಳಕು ಹರಿದಿರಲಿಲ್ಲ ಎಂದು. ಅವನು ಲೆಕ್ಕ ಹಾಕಿದ್ದಾನೆ.

"ನಿಮ್ಮೆದುರ್ಗೇ ಕೇಳ್ಬೇಕು ಅಂತ ಎಳ್ಕಂಡ್ ಬಂದೆ. ಇವ್ಳು ಇಲ್ಲಿ ಒಂದ್ ಗಂಟೆ ಬಾಯ್ ಮುಚ್ಕೊಂಡು ಕುಂತಿದ್ಲಾ? ನನ್ ಹೆಂಡ್ತಿ ಅಲ್ಲಿ ಸಾಯ್ತಾ ಇದ್ರೆ, ಕೂಗ್ದೆ ಕುಂತಿದ್ಲಾ? ನೀವ್ ಸುಳ್ಳು ಹೇಳಾಕಿಲ್ಲ ನರ್ಸಮ್ಮ. ನೀವೇ ಹೇಳಿ."

ಹೊಂಬಾಳಮ್ಮ ಬಾಗಿಲಿಗೆ ಬಂದು ನಿಂತರು. ಅಂಕಮ್ಮ ನನ್ನನ್ನು ನೋಡಲಿಲ್ಲ, ನೆಲ ನೋಡುತ್ತಿದ್ದರು.

"ಕೂಗಿದ್ರು" ಎಂದೆ. "ಎರಡು ಸಲ ಕೂಗಿದ್ರು. ಬಾಗಿಲೂ ಬಡಿದ್ರು. ರಕ್ತ ಹೋಗ್ತಿದೆ ಅಂತಲೂ ಹೇಳಿದ್ರು. ನಾನೇ ಎದ್ದು ಬರಲಿಲ್ಲ, ಪ್ರಾರ್ಥನೆ ಮುಗೀಲಿ ಅಂತ. ಮುಖ ಇಲ್ಲದೆ, ಊರಿಗೆ ಹೇಳಬೇಡಿ ಅಂತ ಅವರ ಹತ್ತಿರ ನಾನೇ ಬೇಡ್ಕೊಂಡೆ."

ಎಷ್ಟು ಸಲೀಸಾಗಿ ಬಂತು! ಒಂದು ಕಡೆಯೂ ತಡವರಿಸಲಿಲ್ಲ. ಹೊಂಬಾಳಮ್ಮ ಬಾಯಿ ತೆರೆದರು. ನಾನು ಅವರನ್ನೇ ನೋಡಿದೆ. ಬಾಯಿ ಮುಚ್ಚಿದರು.

ಕರಿಯಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ, "ನಿಮ್ಮನ್ನ ದೇವ್ರು ಅಂತಿದ್ವಲ್ರೀ" ಎಂದ. ಕೂಗಾಡಿದ್ದರೆ ಎಷ್ಟೋ ವಾಸಿಯಾಗಿತ್ತು. ತಿಪಟೂರಿಗೆ ಹೋಗಿ ದೊಡ್ಡ ಡಾಕ್ಟರಿಗೆ ಅರ್ಜಿ ಬರೆಸುತ್ತೇನೆ ಎಂದ. ಬರೆಸಿ ಎಂದೆ. ತಾಯಿಯ ರಟ್ಟೆ ಬಿಟ್ಟು, ಜಾರಿದ ಸೆರಗನ್ನು ತಾನೇ ಎತ್ತಿ ಹೊದಿಸಿ, "ನಡಿಯವ್ವ, ಬಿಸ್ಲು" ಎಂದ.

ಅಂಕಮ್ಮ ಏನೂ ಹೇಳಲಿಲ್ಲ. ಹೇಳದಿದ್ದದ್ದೇ ಸರಿ.

೨೫ ಮಾರ್ಚ್, ಬುಧವಾರ, ಬೆಳಿಗ್ಗೆ

ಊರಿಗೆಲ್ಲ ಹಬ್ಬಿದೆ. ಇವತ್ತು ಯಾರೂ ಬಂದಿಲ್ಲ. ಬಾವಿಯ ಹತ್ತಿರ ಹೋದರೆ ಮಾತು ನಿಂತಿತು. ಹೊಂಬಾಳಮ್ಮ ಮಾತ್ರ ಒಂದು ಲೋಟ ಕಾಫಿ ತಂದಿಟ್ಟು, ಏನೂ ಕೇಳದೆ ಹೋದರು. ವರ್ಗವಾಗಬಹುದು. ಎಲ್ಲಿಗೋ.

ಆರಕ್ಕೋ ಆರೂವರೆಗೋ ಮಂಡಿಯೂರಿದೆ. ಬಹಳ ದಿನದ ಮೇಲೆ ಮಾತು ಬಂತು. ಕೇಳಿಸಿಯೂ ಏಳದಿದ್ದದ್ದಕ್ಕೆ ಕ್ಷಮೆ ಕೇಳಿದೆ. ಟಿಕ್ಕಿಗೆ, ಹೆಮ್ಮೆಗೆ, ಕೈ ಎತ್ತಿದ್ದಕ್ಕೆ, ಎಲ್ಲಕ್ಕೂ ಕೇಳಿದೆ. ನಿನ್ನೆ ಹೇಳಿದ ಸುಳ್ಳಿಗೆ ಬಂದಾಗ ನಾಲಿಗೆ ಏಳಲಿಲ್ಲ. ಕರ್ತನೇ, ಅದೊಂದಕ್ಕೆ ಕ್ಷಮೆ ಕೇಳಲು ನನಗೆ ಮನಸ್ಸಿಲ್ಲ. ಅದಕ್ಕೆ ನೀನು ಏನು ಮಾಡುತ್ತೀಯೋ ಮಾಡು, ಆ ಮುದುಕಿಯನ್ನು ಮಾತ್ರ — ಜಗಲಿಯಲ್ಲಿ ಯಾರೋ ಕೆಮ್ಮಿದರು, ಎದ್ದೆ.